ದೊಡ್ಡಾಕಿಗಿ ಹೇಳಬ್ಯಾಡ

ಜುಲೈ ೮, ಸೋಮವಾರ

ಇವತ್ತು ಅತ್ತೆ ನನ್ನನ್ನು ಸಪ್ನಾ ಎಂದು ಕರೆದರು. ಒಂದು ಸಲ ಅಲ್ಲ, ಬಾಯಿ ತೆರೆದಾಗಲೆಲ್ಲ.

ಇದನ್ನು ಯಾರ ಮುಂದೆ ಹೇಳಲಿ? ಹೇಳಿದರೆ, ಜಡ್ಡಾದ ಮುದುಕಿಯ ಮಾತಿಗೆ ಸಿಟ್ಟು ಮಾಡುತ್ತೀಯಲ್ಲ ಎಂದು ನನಗೇ ಬೈಯುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಎಮರ್ಜೆನ್ಸಿ ವಾರ್ಡಿನ ಹೊರಗೆ ಕಬ್ಬಿಣದ ಬೆಂಚು, ಪಕ್ಕದಲ್ಲಿ ಯಾರದೋ ಊಟದ ಡಬ್ಬಿ, ತೊಡೆಯ ಮೇಲೆ ನನ್ನ ಹೊಲಿಗೆಯ ವಹಿ. ಮುಂದಿನ ಹಾಳೆಗಳಲ್ಲಿ ನಮ್ಮ ಬ್ರಹ್ಮಪುರ ಓಣಿಯ ಹೆಂಗಸರ ಬ್ಲೌಸಿನ ಅಳತೆ ಇದೆ. ಹಿಂದಿನ ಹಾಳೆಗಳು ಇನ್ನು ನನ್ನ ಹೊಟ್ಟೆಯುರಿಗೆ.

ಅತ್ತೆಗೆ ಮೊನ್ನೆಯಿಂದ ಸಣ್ಣ ಜ್ವರ, ಉರಿಮೂತ್ರ. ನೀರು ಕುಡಿಯಿರಿ ಎಂದರೆ "ಬಚ್ಚಲಿಗಿ ಎಷ್ಟು ಸಲ ಏಳ್ಲಿ?" ಎಂದು ಗ್ಲಾಸು ಸರಿಸುತ್ತಿದ್ದರು. ಇವತ್ತು ಬೆಳಿಗ್ಗೆ ನೋಡಿದರೆ ಹಾಸಿಗೆಯಲ್ಲಿ ಕೂತು ಗೋಡೆಗೆ ಕೇಳುತ್ತಿದ್ದಾರೆ, "ಎಮ್ಮಿಗಿ ನೀರು ಕುಡಿಸಿದ್ಯಾ?" ಈ ಮನೆಯಲ್ಲಿ ನಾನು ಎಮ್ಮೆಯ ಬಾಲವನ್ನೂ ಕಂಡಿಲ್ಲ. ನಮ್ಮ ಯಜಮಾನ ಜಗದೇವಪ್ಪನವರಿಗೆ ಬಸ್ ಡಿಪೋದಲ್ಲಿ ಎಲ್ಲರ ರಜೆಯ ಹಿಸಾಬು ಇಡಲು ಬರುತ್ತದೆ, ಹೆತ್ತ ತಾಯಿ ಹೀಗಾದರೆ ಕೈಕಾಲು ಆಡುವುದಿಲ್ಲ. ಆಟೊ ನಾನೇ ತಂದೆ.

ಇಲ್ಲಿ ಸ್ಕ್ಯಾನ್ ಮಾಡಬೇಕೆಂದು ಮೈಮೇಲಿದ್ದದ್ದೆಲ್ಲ ತೆಗೆಸಿದರು. ಬೆಂಡೋಲೆ, ಚಷ್ಮಾ, ಕೊರಳಲ್ಲಿದ್ದದ್ದು, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನಮ್ಮವರ ಕೈಗೆ ಕೊಟ್ಟು ಮನೆಗೆ ಕಳಿಸಿದೆ. ಗದ್ದಲದಲ್ಲಿ ಏನಾದರೂ ಕಳೆದುಹೋದರೆ? ಇಂಥದ್ದರಲ್ಲಿ ನಾನು ಬಹಳ ಹುಷಾರು.

ಆಮೇಲೆ ಶುರುವಾಯಿತು. ಅತ್ತೆ ಕೈಯ ಸೂಜಿ ಕಿತ್ತರು. ಎದೆ ತಡಕಿಕೊಂಡು "ಕಳ್ಳರು ಒಯ್ದಾರ" ಎಂದರು. ಏನು ಒಯ್ದಿದ್ದಾರೆ ಎಂದು ಕೇಳಿದರೆ ಹೇಳುವುದಿಲ್ಲ. ನೀರು ಹಿಡಿದರೆ ತುಟಿ ಬಿಗಿ. ಕೊನೆಗೆ ನರ್ಸು ಕೈಗಳನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿದಳು. ನಾನು ಹತ್ತಿರ ಹೋಗಿ ಬಾಗಿದೆ. ಅತ್ತೆ ನನ್ನನ್ನು ನೋಡಿ ಮುಖವರಳಿಸಿ ನಕ್ಕರು.

"ಸಪ್ನವ್ವಾ, ಬಂದ್ಯಾ? ಮುಖ ಎಷ್ಟು ಬಾಡೇದ ನಿಂದು. ಉಂಡೀಯಿಲ್ಲೋ?"

ಆ ದನಿ! ಬೆಲ್ಲದ ಪಾಕ. ಮದುವೆಯಾಗಿ ಬಂದಾಗಿನಿಂದ ಆ ದನಿ ನನ್ನ ಪಾಲಿಗೆ ಬಂದಿಲ್ಲ. ಸಪ್ನಾ ನನ್ನ ನೆಗೆಣ್ಣಿ, ಮೈದುನ ಸುನೀಲಕುಮಾರನ ಹೆಂಡತಿ. ಕಮಲಾಪುರದ ಹಳೆಯ ಮನೆಯಲ್ಲಿ ಅವರ ಸಂಸಾರ. ಹಬ್ಬಕ್ಕೊಮ್ಮೆ ಬರುತ್ತಾಳೆ, ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತಾಳೆ, ನಾಲ್ಕು ಸಿಹಿ ಮಾತಾಡುತ್ತಾಳೆ, ಸಂಜೆ ಬಸ್ಸು ಹತ್ತುತ್ತಾಳೆ. ಆಮೇಲೆ ಮುಂದಿನ ಹಬ್ಬದವರೆಗೆ ನಾನು ಕೇಳಿಸಿಕೊಳ್ಳಬೇಕು: ಸಪ್ನಾನ ರೊಟ್ಟಿ ಹೆಂಗ ಉಬ್ಬತಾವ, ಸಪ್ನಾನ ಮಾತು ಎಷ್ಟು ಮೆತ್ತಗ. ಮಾವ ತೀರಿಹೋದ ಮೇಲಿಂದ ಅತ್ತೆ ಇರುವುದು ನನ್ನ ಹತ್ತಿರ. ದಿನಾ ಕೈಹಿಡಿದು ಬಚ್ಚಲಿಗೆ ಒಯ್ಯುವವಳು ನಾನು. ನನ್ನ ರೊಟ್ಟಿಯ ಸುದ್ದಿಯೇ ಏಳುವುದಿಲ್ಲ.

ಮಧ್ಯಾಹ್ನ ಡಾಕ್ಟರು ಹೊರಗೆ ಕರೆದು ಕೂರಿಸಿಕೊಂಡರು. ಮೋಮಿನಪುರದವರಂತೆ, ಆಮಿರ್ ಎಂದು ಹೆಸರು. ವಯಸ್ಸು ಸಣ್ಣದು, ಮಾತು ಹಿರಿಯರದು.

"ಇದು ಹುಚ್ಚಲ್ಲ ಅಮ್ಮಾ, ಘಾಬರಿ ಆಗಬ್ಯಾಡ್ರಿ. ಮೂತ್ರದಾಗ ಸೋಂಕು ಆಗ್ಯಾದ. ಮೈಯಾಗ ನೀರು, ಉಪ್ಪು ಎರಡೂ ಕಮ್ಮಿ ಅವ. ವಯಸ್ಸಾದವರಿಗಿ ಹಿಂಗಾದ್ರ ದಿಮಾಗ್ ಸ್ವಲ್ಪ ದಿನ ದಾರಿ ತಪ್ಪತದ. ಡೆಲಿರಿಯಂ ಅಂತೀವಿ. ಒಂದು ಗಳಿಗಿ ಛಲೋ ಇರ್ತಾರ, ಇನ್ನೊಂದು ಗಳಿಗಿ ಇರಲ್ಲ. ಔಷಧ ನಮ್ಮ ಕೆಲಸ. ನಿಮ್ಮ ಕೆಲಸ ಬ್ಯಾರೆ ಅದ."

ನನ್ನ ಕೆಲಸ ಇಷ್ಟು: ಗುರುತಿದ್ದವರೊಬ್ಬರೇ ಜೊತೆಗಿರಬೇಕು. ವಾದ ಮಾಡಬಾರದು, ಆದರೆ ಸುಳ್ಳೂ ಹೇಳಬಾರದು. ಹತ್ತಿರ ಹೋದಾಗಲೆಲ್ಲ ನಾನು ಇಂಥವಳು, ಇದು ದವಾಖಾನೆ, ಇವತ್ತು ಈ ವಾರ ಎಂದು ನಿಧಾನವಾಗಿ ಹೇಳಬೇಕು. ಚಷ್ಮಾ ಹಾಕಬೇಕು.

ಹೋಗಿ ಹೇಳಿದೆ. "ಅತ್ತಿ, ನಾ ಸಪ್ನಾ ಅಲ್ರಿ. ನಾಗರತ್ನಾ. ನಿಮ್ಮ ನಾಗಿ."

ಅವರ ಮುಖದ ನಗು ಆರಿಹೋಯಿತು. "ಹೂಂ" ಎಂದು ಆ ಕಡೆ ಹೊರಳಿದರು. ಹೆಸರು ಕೇಳಿದರೇ ಹೊರಳುವಷ್ಟು ನಾನೇನು ಮಾಡಿದ್ದೇನೆ?

ಜುಲೈ ೯, ಮಂಗಳವಾರ

ಸಪ್ನಾ ಬಂದಳು. ಜೊತೆಗೆ ಸುನೀಲಕುಮಾರ, ಒಂದು ಚಿಪ್ಪು ಕೆಂಪು ಬಾಳೆಹಣ್ಣು. ಕಮಲಾಪುರದವರು ಮದುವೆಗೆ ಹೋಗಲಿ, ಮಣ್ಣಿಗೆ ಹೋಗಲಿ, ಇದನ್ನು ಹಿಡಿದೇ ಹೋಗುತ್ತಾರೆ.

ಬರುವಾಗ ಬ್ರಹ್ಮಪುರದ ಮನೆಯಲ್ಲಿ ಬ್ಯಾಗು ಇಟ್ಟು ಬಂದಿದ್ದಳು. ಕೈಯಲ್ಲಿ ಆ ಪ್ಲಾಸ್ಟಿಕ್ ಚೀಲ.

"ಅಕ್ಕಾ, ಇದು ಫ್ರಿಜ್ ಮ್ಯಾಲ ಇತ್ತು. ಅತ್ತಿ ಲಿಂಗ ಇದರಾಗ ಅದ. ನಿನ್ನಿಯಿಂದ ಅವರ ಕೊರಳಾಗ ಇಲ್ಲೇನು?"

ಅತ್ತೆ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಒಂದು ಗುಟುಕು ನೀರು ಕುಡಿದವರಲ್ಲ. ಬಸ್ಸಿನಲ್ಲಿ ಸುಡುಬಿಸಿಲಿಗೆ ಬಾಯಿ ಒಣಗಿದರೂ ಕುಡಿದವರಲ್ಲ. ದಿನಾ ಬೆಳಿಗ್ಗೆ ಪೂಜೆಗೆ ನೀರು, ಪತ್ರೆ, ವಿಭೂತಿ ಇಡುವವಳು ನಾನು. ಕೊರಳಿಂದ ಬಿಚ್ಚಿ ಚೀಲಕ್ಕೆ ಹಾಕಿದವಳೂ ನಾನು. ಸ್ಕ್ಯಾನ್ ಆದ ಮೇಲೆ ತಿರುಗಿ ಕಟ್ಟಬೇಕೆಂದು ಹೊಳೆದದ್ದು ಯಾರಿಗೆ? ಹಬ್ಬಕ್ಕೊಮ್ಮೆ ಬರುವವಳಿಗೆ! ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಆದರೆ ಅವಳನ್ನೂ ಎಳೆದುಕೊಂಡೇ ಇಳಿಯುತ್ತಿದ್ದೆ.

ಸಪ್ನಾ ಬೆಳ್ಳಿ ಕರಡಿಗೆ ಬಿಚ್ಚಿ ಲಿಂಗವನ್ನು ಅತ್ತೆಯ ಎಡ ಅಂಗೈಯಲ್ಲಿಟ್ಟಳು. ಹಣೆಗೆ ವಿಭೂತಿ ಹಚ್ಚಿದಳು. ಅತ್ತೆ ಕಣ್ಣು ಮುಚ್ಚಿದರು, ತುಟಿ ಪಿಟಿಪಿಟಿ ಅಲ್ಲಾಡಿತು. ಕಣ್ಣು ತೆರೆದವರೇ ಬಾಯಿ ತೆರೆದರು. ಗ್ಲಾಸಿನ ನೀರು ಪೂರಾ ಕುಡಿದರು. ಶಿವದಾರ ಕೊರಳಿಗೆ ಬಿದ್ದ ಮೇಲೆ ಸೂಜಿಯ ಗೊಡವೆಗೆ ಹೋಗಲಿಲ್ಲ. ನರ್ಸು ಕೈ ಬಿಚ್ಚಿದಳು. ಡಾಕ್ಟರು ಬಂದು "ಶಾಬಾಸ್" ಎಂದರು, ಸಪ್ನಾಗೆ.

ಆಮೇಲೆ ನಡೆದದ್ದನ್ನು ಬರೆಯಲೇಬೇಕು. ಅತ್ತೆ ಸಪ್ನಾನ ಕೈಹಿಡಿದುಕೊಂಡರು.

"ಯಾರ ಮಗಳವಾ ನೀ? ಪುಣ್ಯಾತಗಿತ್ತಿ. ನಿನ್ನ ತವರಮನಿ ತಣ್ಣಗಿರ್ಲಿ."

"ಅತ್ತಿ, ನಾ ರೀ, ಸಪ್ನಾ."

"ನೀ ಅಲ್ಲವಾ. ನೀ ನರ್ಸಬಾಯಿ. ನಮ್ಮ ಸಪ್ನಾ ಅಗಾ, ಅಲ್ಲಿ ನಿಂತಾಳ ನೋಡು. ಈ ಲಿಂಗ ಹುಡಿಕ್ಯಾಡಿ ತಂದಾಕಿ ಆಕಿನೇ." ಬೆರಳು ನನ್ನ ಕಡೆಗಿತ್ತು.

ಸಪ್ನಾನ ಕಣ್ಣು ತುಂಬಿಬಂತು. ಸೆರಗು ಬಾಯಿಗೆ ಹಿಡಿದು ಹೊರಗೆ ಹೋದಳು. ನನಗೆ ಅಯ್ಯೋ ಅನಿಸಬೇಕಿತ್ತು. ಅನಿಸಿತು ಕೂಡ. ಆದರೆ ಅದಕ್ಕಿಂತ ಮೊದಲು ಹೋಳಿಗೆ ಊಟ ಉಂಡ ಹಾಗೆ ಹೊಟ್ಟೆ ತಂಪಾಯಿತು. ಸುಳ್ಳು ಯಾಕೆ ಬರೆಯಲಿ?

ಸಂಜೆ ಅವಳನ್ನು ಬ್ರಹ್ಮಪುರಕ್ಕೆ ಕಳಿಸಿದೆ. "ಒಬ್ಬರೇ ಇರ್ಬೇಕಂತ ಡಾಕ್ಟರ್ ಹೇಳ್ಯಾರ. ನೀ ಅಡಗಿ ಮಾಡಿ ಡಬ್ಬಿ ಕಳಸು" ಎಂದೆ. ಡಾಕ್ಟರು ಹೇಳಿದ್ದು ನಿಜವೇ ತಾನೇ!

ಜುಲೈ ೧೦, ಬುಧವಾರ

ಇವತ್ತು ನಾನು ನನ್ನ ಹೆಸರು ಹೇಳಲಿಲ್ಲ.

ಬೇಕೆಂದು ಅಲ್ಲ. ಬೆಳಿಗ್ಗೆ ಹೋದ ಕೂಡಲೇ ಅವರೇ "ಬಾ ಸಪ್ನವ್ವಾ, ಇಲ್ಲಿ ಕೂಡು" ಎಂದು ಹಾಸಿಗೆಯ ಅಂಚು ತಟ್ಟಿದರು. ಏನೆನ್ನಲಿ? "ಬಂದೆನ್ರಿ ಅತ್ತಿ" ಎಂದೆ, ಸಪ್ನಾನ ಹಾಗೆ ಮೆತ್ತಗೆ. ಅಷ್ಟಕ್ಕೇ ಗುಳಿಗೆ ನುಂಗಿದರು, ಗಂಜಿ ಕುಡಿದರು. ರೋಗಿಗೆ ಅನ್ನ ನೀರು ಹೋಗುವುದು ಮುಖ್ಯವೋ, ಹೆಸರು ಮುಖ್ಯವೋ? ಡಾಕ್ಟರಿಗೆ ಇದೆಲ್ಲ ತಿಳಿಯುವುದಿಲ್ಲ.

"ತಲಿ ಎಷ್ಟು ಸಿಕ್ಕಾಗ್ಯಾದ ನಿಂದು" ಎಂದು ನನ್ನ ಕೂದಲಲ್ಲಿ ಬೆರಳು ಆಡಿಸಿದರು. ನಾನು ಹಾಸಿಗೆಯ ಮೇಲೆ ತಲೆಯಿಟ್ಟು ಕೂತೇಬಿಟ್ಟೆ. ವಾರ್ಡಿನಲ್ಲಿ ಎಷ್ಟು ಜನ ಓಡಾಡಿದರೋ ಗೊತ್ತಿಲ್ಲ. ಸಪ್ನಾ ಇದನ್ನೆಲ್ಲ ಇಷ್ಟು ವರ್ಷ ಒಬ್ಬಳೇ ತಿಂದಿದ್ದಾಳೆ ಎಂದು ನೆನೆದರೆ ಮೈ ಉರಿಯುತ್ತದೆ.

ಬಾಯಿ ಸುಮ್ಮನಿರಬೇಕಲ್ಲ. ಹಿರಿಸೊಸೆಯಾದ ನನ್ನ ಸುದ್ದಿಯನ್ನೇ ಕೇಳಿದೆ, "ದೊಡ್ಡಾಕಿ ಹೆಂಗ ನೋಡ್ಕೋತಾಳ್ರಿ ಅತ್ತಿ ನಿಮಗ?"

ಅತ್ತೆ ಆಚೆ ಈಚೆ ನೋಡಿದರು, ಕದ್ದು ಬೆಲ್ಲ ತಿನ್ನುವ ಹುಡುಗಿಯ ಹಾಗೆ. "ಆಕಿ ಬಾಯಿ ಭಾಳ ಜೋರು. ಮುಂಜಾನಿ ಹತ್ತಿದ್ರ ಮಲಗೋತನಕ ಬಡಬಡ ಬಡಬಡ. ಗುಳಿಗಿ ನುಂಗ್ರಿ, ಸ್ವೆಟರ್ ಹಾಕ್ಕೋರಿ, ಅಲ್ಲಿ ಕೂಡಬ್ಯಾಡ್ರಿ, ಇಲ್ಲಿ ನಿಂದರಬ್ಯಾಡ್ರಿ. ನನ್ನ ಸಣ್ಣ ಕೂಸು ಮಾಡಿಟ್ಟಾಳ."

ಕೇಳಿದ್ದು ನನ್ನದೇ ತಪ್ಪು. ಹಾಗಾದರೆ ಪ್ರತಿ ಹಬ್ಬಕ್ಕೂ ಇವರಿಬ್ಬರೂ ಪಿಸುಪಿಸು ಮಾತಾಡುವುದು ಇದನ್ನೇ. ಸ್ವೆಟರ್ ಹಾಕದಿದ್ದರೆ ನೆಗಡಿ, ನೆಗಡಿಯಾದರೆ ನೋಡುವವರು ಯಾರು, ಸಪ್ನಾನೇ?

ಜುಲೈ ೧೧, ಗುರುವಾರ

ಡಾಕ್ಟರು ಕಾಗದ ತಿರುವುತ್ತ ಹುಬ್ಬು ಗಂಟಿಕ್ಕಿದರು. "ಜ್ವರ ಇಳದದ, ಉಪ್ಪು ಸರಿ ಆಗ್ಯಾದ. ಇಷ್ಟೊತ್ತಿಗಿ ಜರಾ ತಿಳೀಬೇಕಿತ್ತು. ಆದ್ರ 'ನಾ ಕಮಲಾಪುರದಾಗ ಅದೀನಿ, ಸಪ್ನಾ ಬಾಜೂಕ ಅದಾಳ' ಅಂತಾರಲ್ಲ? ನೀವು ಹೆಸರು ಹೇಳ್ಲಾಕತ್ತೀರಿ, ಹೌದಿಲ್ಲೋ?"

"ಹೇಳ್ಲಾಕತ್ತೀನ್ರಿ."

"ಚಷ್ಮಾ?"

"ಹಾಕ್ತೀನ್ರಿ."

ಚಷ್ಮಾ ಚೀಲದಲ್ಲೇ ಇದೆ. ಮಲಗಿದಾಗ ಮೂಗಿಗೆ ಒತ್ತಿ ಗಾಯವಾದೀತು ಎಂದು ಹಾಕಿಲ್ಲ. ನಾಳೆ ನೋಡೋಣ.

ಅವರು ಹೋದ ಮೇಲೆ ಅತ್ತೆ ನನ್ನ ಕೈ ಎಳೆದು ಕಿವಿ ಹತ್ತಿರ ತಂದರು. "ಸಪ್ನಾ, ನಾ ಹಿಂಗ ಮಲಗೀನಿ ಅಂತ ದೊಡ್ಡಾಕಿಗಿ ಹೇಳಬ್ಯಾಡ."

"ಯಾಕ್ರಿ?"

"ಹೇಳಬ್ಯಾಡ ಅಂದ್ರ ಹೇಳಬ್ಯಾಡ. ಕೇಳಿದ್ರ ತಾಟಿನ ಮುಂದಿಂದ ಎದ್ದು ಓಡಿ ಬರ್ತಾಳ. ಬಂದಾಕಿ ಇಲ್ಲೇ ಕೂಡ್ತಾಳ. ಆಕಿಗಿ ಬಿ.ಪಿ. ಅದ."

ನೋಡಿ, ಎಷ್ಟು ಜಾಣತನ! ನಾನು ಬರಬಾರದು, ಅಷ್ಟೇ. ಬಂದರೆ ಇಲ್ಲೇ ಕೂತುಬಿಡುತ್ತೇನಂತೆ, ಪೀಡೆ ತೊಲಗುವುದಿಲ್ಲವಂತೆ. ಹೀಗೆ ನೆಲಹಿಡಿದ ಹೊತ್ತಿನಲ್ಲೂ ದೊಡ್ಡವಳ ಮುಖ ಬೇಡ ಇವರಿಗೆ. ಸಪ್ನಾ ಆದರೆ ತಲೆಯಲ್ಲಿ ಬೆರಳಾಡಿಸುತ್ತಾರೆ, ನಾಗಿ ಎಂದರೆ ಸುದ್ದಿಯೂ ಮುಟ್ಟಬಾರದು. ಸಿಟ್ಟಿಗೆ ಕಣ್ಣು ಕತ್ತಲೆ ಬಂತು. ಸಪ್ನಾ ಕಳಿಸಿದ ಡಬ್ಬಿಯನ್ನು ತೆರೆಯಲೇ ಇಲ್ಲ. ಸಂಜೆ ನರ್ಸಬಾಯಿ "ನಿಮ್ಮ ಮುಖ ಯಾಕ್ರಿ ಹಿಂಗಾಗ್ಯಾದ, ಜರಾ ಮನಿಗಿ ಹೋಗಿ ಮಲಗ್ರಿ" ಎಂದಳು. ಹೋಗಲಿಲ್ಲ. ನಾನು ಎದ್ದರೆ ಈ ಕುರ್ಚಿಗೆ ಯಾರು ಬರುತ್ತಾರೆಂದು ನನಗೆ ಗೊತ್ತಿಲ್ಲವೇ?

ಜುಲೈ ೧೩, ಶನಿವಾರ

ನಾಳೆ ಡಿಸ್ಚಾರ್ಜ್. ಡಾಕ್ಟರು ಎಲ್ಲರನ್ನೂ ಕರೆದು ಹೇಳಿದರು: ಮೈಯ ಜಡ್ಡು ಹೋಗಿದೆ, ತಲೆ ತಿಳಿಯಾಗಲು ಇನ್ನೂ ಕೆಲವು ದಿನ ಬೇಕು, ಕೆಲವರಿಗೆ ವಾರಗಳೇ ಬೇಕು. ರೂಢಿಯಿದ್ದ ಜಾಗ, ರೂಢಿಯಿದ್ದ ಮಂದಿ ಇದ್ದರೆ ಬೇಗ ತಿಳಿಯಾಗುತ್ತದೆ.

"ಹಂಗಾದ್ರ ಬ್ರಹ್ಮಪುರಕ್ಕೇ" ಎಂದೆ. ಇದರಲ್ಲಿ ಮಾತೇನಿದೆ? ಅವರು ಮಲಗುವ ಹೊರಸು ಅಲ್ಲಿದೆ, ದೇವರ ಜಗಲಿ ಅಲ್ಲಿದೆ, ನಾನು ಅಲ್ಲಿದ್ದೇನೆ.

ಸುನೀಲಕುಮಾರ ತಾಯಿಯನ್ನೇ ಕೇಳಿದ. "ಅವ್ವಾ, ಎಲ್ಲಿಗಿ ಹೋಗ್ತಿ?"

"ಕಮಲಾಪುರಕ್ಕ" ಎಂದರು ಅತ್ತೆ, ಎಳೆಯ ಹುಡುಗಿಯ ಹಟದಲ್ಲಿ. "ಸಪ್ನಾ ಎಲ್ಲಿ ಇರ್ತಾಳ ಅಲ್ಲಿಗಿ. ಸಪ್ನಾ ನನಗ ಭಾಳ ಛಲೋ ನೋಡ್ಕೊಂಡಾಳ."

ಎಲ್ಲರೂ ಸಪ್ನಾನ ಕಡೆ ನೋಡಿದರು. ಅವಳ ಮುಖ ಅರಳಿತು, ಕಣ್ಣಲ್ಲಿ ನೀರು. ದಿನವಿಡೀ ಆ ಕುರ್ಚಿಯಲ್ಲಿ ಕೂತವಳು ನಾನು, ಗಂಜಿ ಕುಡಿಸಿದವಳು ನಾನು, ಹಾಸಿಗೆ ಬದಲಿಸಿದವಳು ನಾನು! ಆ ಸಪ್ನಾ ನಾನೇ ಎಂದು ಯಾವ ಬಾಯಿಂದ ಹೇಳಲಿ? ಹೇಳಿದರೆ ಡಾಕ್ಟರು ಎದುರಿಗೇ ಇದ್ದಾರೆ.

"ವೈನಿ, ನೀವೂ ದಣದೀರಿ" ಎಂದ ಮೈದುನ. ನಮ್ಮವರನ್ನು ನೋಡಿದೆ. ಅವರು ಗೋಡೆಯ ಗಡಿಯಾರ ನೋಡುತ್ತಿದ್ದರು. "ಅವ್ವ ಬಾಯಿಬಿಟ್ಟು ಕೇಳ್ಲಾಕತ್ತಾಳ, ನಾಗೂ. ನಾಕು ದಿನ ಇದ್ದು ಬರ್ಲಿ."

ನಾಲ್ಕು ದಿನ ಎಂದು ಹೇಳಿ ಹೋದವರು ಯಾರು ತಿರುಗಿ ಬರುತ್ತಾರೆ? ಅಲ್ಲಿ ಉಬ್ಬಿದ ರೊಟ್ಟಿ, ಮೆತ್ತನೆ ಮಾತು. ಇಲ್ಲಿ ನಾನು.

ಜುಲೈ ೧೪, ಭಾನುವಾರ

ಕರೆದುಕೊಂಡು ಹೋದರು.

ಕಾರಿನಲ್ಲಿ ಕೂರಿಸುವಾಗ ಅತ್ತೆ ನನ್ನ ಸೆರಗು ಹಿಡಿದರು. "ನೀನೂ ಹತ್ತು ಸಪ್ನವ್ವಾ." ಒಳಗೆ ಕೂತಿದ್ದ ಸಪ್ನಾ ನನ್ನ ಮುಖವನ್ನೇ ನೋಡಿದಳು. ಅವಳಿಗೆ ಆಗ ಎಲ್ಲ ತಿಳಿಯಿತೋ ಏನೋ. ನಾನು ಸೆರಗು ಬಿಡಿಸಿಕೊಂಡೆ. ಚೀಲದಿಂದ ಚಷ್ಮಾ ತೆಗೆದು ಅವಳ ಕೈಗಿಟ್ಟೆ. "ದಿನಾ ಹಾಕು. ಹತ್ರ ಹೋದಾಗೆಲ್ಲ ನಿನ್ನ ಹೆಸರು ಹೇಳು" ಎಂದೆ. ಅಷ್ಟೇ.

ಜುಲೈ ೧೬, ಮಂಗಳವಾರ

ಆರಾಮ ಇದೆ. ಯಾರಿಗೂ ಬಿಸಿನೀರು ಕಾಯಿಸಬೇಕಿಲ್ಲ, ಯಾರ ಹಿಂದೆಯೂ ಗುಳಿಗೆ ಹಿಡಿದು ಓಡಬೇಕಿಲ್ಲ. ಪಕ್ಕದ ಮನೆಯ ಕಾವೇರಿ ಗೋಡೆಯ ಮೇಲಿಂದ "ಛಲೋ ಆತಲ್ಲ ನಾಗಕ್ಕಾ, ಈಗರೇ ನಿನಗ ಉಸಿರಾಡಾಕ ಪುರಸೊತ್ತು" ಎಂದಳು. ನಿನ್ನ ಅತ್ತೆಯನ್ನು ಮೊದಲು ಎಲ್ಲಿಗಾದರೂ ಕಳಿಸಿ ಆಮೇಲೆ ನನಗೆ ಹೇಳು ಎಂದೆ. ಮುಖ ಊದಿಸಿಕೊಂಡು ಒಳಗೆ ಹೋದಳು. ಹೋಗಲಿ.

ಬೆಳಿಗ್ಗೆ ಎದ್ದು ರೂಢಿಯಲ್ಲೇ ಪೂಜೆಯ ತಂಬಿಗೆ ತುಂಬಿ, ಪತ್ರೆ ತೊಳೆದು ಹೊರಸಿನ ಪಕ್ಕಕ್ಕೆ ಇಟ್ಟಿದ್ದೆ. ಹೊರಸು ಬರಿದು. ಮಧ್ಯಾಹ್ನ ಒಂದು ತೋಳನ್ನು ಉಲ್ಟಾ ಹೊಲಿದೆ, ಬಿಚ್ಚಿದೆ, ಮತ್ತೆ ಉಲ್ಟಾ ಹೊಲಿದೆ. ಬಾಗಿಲ ಕಡೆಯಿಂದ ಗಾಳಿ ಬೀಸಿದಾಗ "ಅಲ್ಲಿ ಕೂಡಬ್ಯಾಡ್ರಿ, ಗಾಳಿ ಅದ" ಎಂದು ಜೋರಾಗಿ ಕೂಗಿದೆ. ಯಾರಿಗೆ ಕೂಗಿದೆನೋ. ಮಿಷನ್ನು ನಿಲ್ಲಿಸಿ ಅತ್ತುಬಿಟ್ಟೆ. ಈರುಳ್ಳಿಯೂ ಇರಲಿಲ್ಲ ನೆವ ಹೇಳಲು.

ಸಂಜೆ ಸಪ್ನಾನ ಫೋನು.

"ಅಕ್ಕಾ, ಚಷ್ಮಾ ಹಾಕಿದ ಮ್ಯಾಲ ನನ್ನ ಗುರುತು ಹಿಡದಾರ."

ಎದೆಯಲ್ಲಿ ಕೊಳ್ಳಿ ಇಟ್ಟ ಹಾಗಾಯಿತು. "ಹೌದಾ, ಭಾಳ ಛಲೋ ಆತು" ಎಂದೆ.

"ಛಲೋ ಎಲ್ಲಿ ಅಕ್ಕಾ! ನಿನ್ನಿಯಿಂದ ಒಂದೇ ಹಟ. ನಾಗಿ ಎಲ್ಲಿ, ನಾಗಿ ಯಾಕ ಬರಲಿಲ್ಲ, ಸಿಟ್ಟಾಗಿ ತವರಮನಿಗಿ ಹೋಗ್ಯಾಳೇನು ಅಂತಾರ. ಗುಳಿಗಿ ಬಾಯಾಗ ಹಾಕಿದ್ರೂ ಮೈ ಬಿಸಿ ಇಳಿವಲ್ದು. ಊಟ ಅಂತೂ ಬಿಟ್ಟೇಬಿಟ್ಟಾರ. ಜ್ವರ ಹಿಂಗೇ ಏರಿದ್ರ ನಾಳಿ ಮತ್ತ ದವಾಖಾನಿಗೇ ಒಯ್ಬೇಕಾಗ್ತದ."

"ಸಪ್ನಾ ಅಂದ್ರ ಪ್ರಾಣ ಅಲ್ಲೇನು ಅವರಿಗಿ? ನೀನೇ ಉಣಸು" ಎಂದು ಫೋನು ಇಟ್ಟೆ.

ಇಟ್ಟ ಮೇಲೆ ಕೂತೇ ಇದ್ದೇನೆ. ನಾಗಿ ಎಲ್ಲಿ ಎಂದರಂತೆ. ಸಪ್ನಾ ಎದುರಿಗೇ ಇರುವಾಗ, ಅವಳು ಸಪ್ನಾ ಎಂದು ಗೊತ್ತಿರುವಾಗ, ನಾಗಿ ಎಲ್ಲಿ ಎಂದು ಕೇಳಿದರಂತೆ. ಆಸ್ಪತ್ರೆಯಲ್ಲಿ ಪಕ್ಕದಲ್ಲೇ ಕೂತು ನಾನು ನಾಗಿಯನ್ನು ಅಡಗಿಸಿಟ್ಟೆನಲ್ಲ. ಅವರು ಅಲ್ಲಿಯೂ ಹುಡುಕಿರಬಹುದೇ?

ನಾಳೆ ಮೊದಲನೇ ಬಸ್ಸಿಗೆ ಹೋಗುತ್ತೇನೆ. ಹಟ ಹಿಡಿದ ಮುದುಕಿಗೆ ಗುಳಿಗೆ ನುಂಗಿಸಲು ಸಪ್ನಾಗೆಲ್ಲಿ ಬರಬೇಕು.

ಜುಲೈ ೧೭, ಬುಧವಾರ, ಕಮಲಾಪುರ

ಪಡಸಾಲೆಯಲ್ಲಿ ಮಂಚದ ಮೇಲೆ ಅತ್ತೆ. ಅಷ್ಟರಲ್ಲೇ ಅರ್ಧವಾಗಿದ್ದಾರೆ. ತುಟಿ ಒಣಗಿ ಸಿಪ್ಪೆ ಎದ್ದಿದೆ. ಚಷ್ಮಾ ಹಾಕಿದ ಕಣ್ಣು ಸೂರಿನ ಕಡೆ. ಅವರನ್ನು ನೋಡಿ ನನ್ನ ಸಿಟ್ಟೆಲ್ಲ ಕರಗಿಹೋಯಿತು. ಪಕ್ಕದಲ್ಲಿ ಕೂತು ಕೈಹಿಡಿದು, ಆದಷ್ಟು ಮೆತ್ತಗೆ ಹೇಳಿದೆ.

"ಅತ್ತಿ, ನಾ ಬಂದೆನ್ರಿ. ನಾಗಿ."

ಅತ್ತೆ ಕೈ ಎಳೆದುಕೊಂಡರು. "ಸುಳ್ಳ ಹೇಳಬ್ಯಾಡ. ನೀ ಯಾರೋ ನರ್ಸಬಾಯಿ. ನಾಗಿ ಇಷ್ಟು ಮೆತ್ತಗ ಮಾತಾಡಲ್ಲ."

"ಖರೇನೇ ನಾಗಿ ರೀ, ಅತ್ತಿ..."

"ಎಲ್ಲಾರೂ ಹಿಂಗೇ ಅಂತೀರಿ. ಆಕಿಗಿ ಕರೀರಿ. ನನ್ನ ಮ್ಯಾಲ ಸಿಟ್ಟಾಗ್ಯಾಳ ಆಕಿ." ಗಲ್ಲದ ಮೇಲೆ ನೀರು ಇಳಿಯಿತು. ಸಪ್ನಾ ಬಾಗಿಲಲ್ಲಿ ನಿಂತಿದ್ದಳು. ದಿಂಬು ಸರಿಮಾಡೋಣ ಎಂದು ಎತ್ತಿದೆ. ದಿಂಬಿನ ಕೆಳಗೆ ಗುಳಿಗೆಗಳು! ಬಿಳಿ, ಹಳದಿ, ಅರ್ಧ ಕರಗಿದ ಕೆಂಪು. ಸಪ್ನಾ ಬಾಯಿಗೆ ಹಾಕಿದ್ದನ್ನೆಲ್ಲ ಉಗುಳಿ ಅಲ್ಲಿ ಕೂಡಿಟ್ಟಿದ್ದರು.

ಎಲ್ಲವನ್ನೂ ಅಂಗೈಗೆ ಬಳಿದುಕೊಂಡು ಅವರ ಮುಖದ ಮುಂದೆ ಹಿಡಿದೆ.

"ಏನ್ರೀ ಇದು ಅತ್ತೀ! ಏನ್ ಇಟ್ಟೀರಿ ಇಲ್ಲಿ? ಸಾಯಬೇಕಂತ ಮಾಡೀರೇನು? ಹೊತ್ತೊತ್ತಿಗಿ ಗುಳಿಗಿ ತಂದುಕೊಟ್ರ ಉಗುಳಿ ಗಂಟು ಕಟ್ಟಿ ಇಡ್ತೀರೇನು, ಮೊಮ್ಮಕ್ಕಳ ಮದುವಿಗಿ? ದವಾಖಾನಿಯಾಗ ಸೂಜಿ ಚುಚ್ಚಿ ಚುಚ್ಚಿ ಕೈ ಜಾಳಿಗಿ ಆದ್ರೂ ಬುದ್ಧಿ ಬರಲಿಲ್ಲ! ಬಾಯಿ ತಗೀರಿ. ತಗೀರಿ ಅಂದೆ. ನಾಲಿಗಿ ಎತ್ರಿ, ನೋಡ್ತೀನಿ. ಸಪ್ನಾ, ನೀರು ತಾ. ಅರ್ಧ ಗ್ಲಾಸ್ ಅಲ್ಲ, ಪೂರಾ. ಮತ್ತ ಉಗುಳಿದ್ರ ನೋಡ್ರಿ, ನಾ ಇಲ್ಲೇ ಜಾಗಾ ಹಿಡದು ಕೂಡಾಕಿ!"

ಎದುರು ಮನೆಯವರು ಹೊರಗೆ ಬಂದು ನಿಂತರು. ಅತ್ತೆ ಬಾಯಿ ತೆರೆದರು. ಗುಳಿಗೆ ನುಂಗಿದರು, ನಾಲಿಗೆ ಎತ್ತಿ ತೋರಿಸಿದರು, ನೀರು ಪೂರಾ ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನನ್ನು ಕಣ್ಣಿಟ್ಟು ನೋಡಿದರು.

"ಎಲ್ಲಿ ಸತ್ತಿದ್ದಿ ಇಷ್ಟು ದಿನ?"

ಇಷ್ಟು ಜೋರು ಬಾಯಿ, ಆಗಲೇ ಕಟ್ಟಿಹೋಗಬೇಕೇ? "ಇಲ್ಲೇ ಇದ್ದೆನ್ರಿ" ಎಂದೆ ಕೊನೆಗೆ.

"ಸುಳ್ಳಿ. ಇಲ್ಲಿ ಸಪ್ನಾ ಇದ್ದಳು."

ಮಧ್ಯಾಹ್ನ ಸಪ್ನಾ ಮಾಡಿದ ರೊಟ್ಟಿಯನ್ನು ಹಾಲಿನಲ್ಲಿ ನುರಿದು ತಿನ್ನಿಸಿದೆ. ರೊಟ್ಟಿ ಚೆನ್ನಾಗಿಯೇ ಇತ್ತು, ಉಬ್ಬಿತ್ತು ಕೂಡ. ಉಂಡು ಅತ್ತೆ ಒಂದು ನಿದ್ದೆ ಮಾಡಿದರು. ಮೈ ಮುಟ್ಟಿ ನೋಡಿದೆ, ಬಿಸಿ ಇಳಿಯುತ್ತಿತ್ತು. ಎದ್ದ ಮೇಲೆ ಕಂಬ, ಬಾಗಿಲು, ಸೂರು ಎಲ್ಲವನ್ನೂ ನೋಡಿದರು. ತಲೆ ಇನ್ನೂ ಪೂರಾ ತಿಳಿಯಾಗಿಲ್ಲ.

"ಯಾರ ಮನಿ ಇದು? ಭಾಳ ಛಂದ ಅದ."

"ಅತ್ತಿ, ನಿಮ್ಮದೇ ಮನಿ ರೀ" ಎಂದಳು ಸಪ್ನಾ. "ನೀವು ಮದುವಿ ಆಗಿ ಬಂದ ಮನಿ. ಇಲ್ಲೇ ಇರ್ತೀನಿ ಅಂತ ನೀವೇ ಬಂದೀರಿ."

ಅತ್ತೆ ಸೆರಗು ಸರಿಮಾಡಿಕೊಂಡು ಅವಳಿಗೆ ಎರಡೂ ಕೈ ಜೋಡಿಸಿದರು. "ಬರ್ತೀವವಾ. ಭಾಳ ತ್ರಾಸ ಕೊಟ್ಟೀವಿ ನಿಮಗ. ನಿಮ್ಮ ಊಟ ಭಾಳ ರುಚಿ ಇತ್ತು." ಆಮೇಲೆ ನನ್ನ ಕಡೆ ತಿರುಗಿ ಗದರಿದರು. "ಏಳು ನಾಗಿ, ಎಷ್ಟೊತ್ತು ಮಂದಿ ಮನ್ಯಾಗ ಕೂಡ್ತಿ? ನಮ್ಮ ಮನಿಗಿ ಹೋಗಮು."

ನಾಳೆ ಬೆಳಿಗ್ಗೆ ಹೊರಡುತ್ತೇವೆ. ಮೈದುನ ಕಾರು ಹೇಳಿದ್ದಾನೆ. ಅತ್ತೆ ಈಗಲೇ ಸ್ವೆಟರ್ ಹಾಕಿಸಿಕೊಂಡು ಮಂಚದ ಮೇಲೆ ತಯಾರಾಗಿ ಕೂತಿದ್ದಾರೆ, ಪಕ್ಕದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಸಪ್ನಾಗೆ ಏನಾಗಿದೆಯೋ ಗೊತ್ತಿಲ್ಲ. ಚಹಾ ತಂದವಳು ನನ್ನ ಮುಖ ನೋಡದೇ ಕಪ್ಪು ಇಟ್ಟು ಹೋದಳು. "ನನಗ ಒಮ್ಮಿನೂ ಹಿಂಗ ಬೈದಿಲ್ಲ ನೋಡಕ್ಕಾ ಅತ್ತಿ" ಎಂದಳು ಹೋಗುವಾಗ. ಬೈಸಿಕೊಳ್ಳದಿದ್ದರೆ ಒಳ್ಳೆಯದೇ ಅಲ್ಲವೇ? ಅಡುಗೆಮನೆಯಲ್ಲಿ ಪಾತ್ರೆಗಳನ್ನು ಧಡಧಡ ಎತ್ತಿಹಾಕುತ್ತಿದ್ದಾಳೆ. ಇವಳ ದನಿ ಮೆತ್ತಗೆ, ಕೈ ಮೆತ್ತಗೆ ಎಂದು ಹೇಳಿದವರು ಯಾರೋ.